ಧೂಪದಾಳದ ನೀರಿನಂಚಿನಲ್ಲಿ ಒಂದು ಮುಂಜಾನೆ

ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮಕ್ಕೆ ಜನವರಿಯ ಒಂದು ಭಾನುವಾರ ಕುಟುಂಬಸಮೇತ ಹೋಗಿ ಬಂದೆವು. ಮಿರಜ–ಲೋಂಡಾ ಮಾರ್ಗದ ಘಟಪ್ರಭಾ ರೈಲು ನಿಲ್ದಾಣದಿಂದ ಇದು ದೂರವಿಲ್ಲ. 1897ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರು ಮತ್ತು ಅದರ ನಡುವಿನ ನಡುಗಡ್ಡೆಗಳೇ ಸುಮಾರು 29 ಚದರ ಕಿಲೋಮೀಟರಿನ ಈ ಧಾಮದ ಜೀವಾಳ.

ಸೂರ್ಯೋದಯಕ್ಕೆ ಮೊದಲೇ ದಡ ಸೇರಿದ್ದು ಸಾರ್ಥಕವಾಯಿತು. ಮಂಜು ಕರಗುತ್ತಿದ್ದಂತೆ, ಚಳಿಗಾಲ ಕಳೆಯಲು ಮಧ್ಯ ಏಷ್ಯಾದ ಕಡೆಯಿಂದ ಬರುವ ಡೆಮೊಯಿಸೆಲ್ ಕ್ರೇನ್‌ಗಳು ಗುಂಪುಗುಂಪಾಗಿ ಎದ್ದು, ಕೂಗುತ್ತ ಜೋಳದ ಹೊಲಗಳತ್ತ ಹಾರಿದ ನೋಟವನ್ನು ನನ್ನ ಮಗಳು ಉಸಿರು ಬಿಗಿಹಿಡಿದು ನೋಡಿದಳು. ಹತ್ತಿರದ ಆಳವಿಲ್ಲದ ನೀರಿನಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಅರೆತೆರೆದು ನೀರಿನಲ್ಲಾಡಿಸುತ್ತ, ತಾಗಿದ ಮೀನನ್ನು ತಟ್ಟನೆ ಹಿಡಿಯುತ್ತಿದ್ದವು. ಈ ಹಕ್ಕಿ ಕಣ್ಣಿಗಿಂತ ಸ್ಪರ್ಶವನ್ನೇ ನೆಚ್ಚಿ ಬೇಟೆಯಾಡುತ್ತದೆ. ದುರ್ಬೀನು ಇಲ್ಲದೆ ಹೋದರೆ ಅರ್ಧ ಸುಖ ತಪ್ಪಿದಂತೆಯೇ.

ಕಟ್ಟಿಕೊಂಡು ಹೋಗಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರನ್ನು ಮರದ ನೆರಳಿನಲ್ಲಿ ಉಂಡೆವು. ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ನಮಗಿಂತ ಮೊದಲು ಬಂದವರು ದಡದಲ್ಲಿ ಬಿಟ್ಟುಹೋಗಿದ್ದ ಪ್ಲಾಸ್ಟಿಕ್ ತಟ್ಟೆಗಳು ಮನಸ್ಸಿಗೆ ನೋವು ತಂದವು; ಒಂದು ಚೀಲದಷ್ಟನ್ನು ನಾವೇ ಆರಿಸಿ ತಂದೆವು. ಹಕ್ಕಿಗಳಿಗಾಗಿ ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ, ವಾರದ ನಡುವಿನ ದಿನದಲ್ಲಿ, ಧ್ವನಿವರ್ಧಕವಿಲ್ಲದೆ ಹೋಗಬೇಕು.