ವೀಸಾ ಇಂಟರ್‌ವ್ಯೂಗೆ ಅಂತ ಅಮೆರಿಕ ಬಿಟ್ಟು ಹೊರಡುವ ಮುಂಚೆ ಇದನ್ನು ಓದಿ

ಮೂರು ವಾರಕ್ಕೆ ಅಂತ ಊರಿಗೆ ಬಂದವನು ನಾನು. ಎರಡು ವರ್ಷ ದಾಟಿತು, ಇನ್ನೂ ಇಲ್ಲೇ ಇದ್ದೇನೆ. ಹೆಂಡತಿ, ಮಗಳು ನ್ಯೂಜೆರ್ಸಿಯಲ್ಲಿ. ನಾನು ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ. ಕಾನೂನಿನ ಲೆಕ್ಕದಲ್ಲಿ ಅಮೆರಿಕಕ್ಕೆ ವಾಪಸ್ ಹೋಗದಂತೆ ನನ್ನ ಮೇಲೆ ಬಿದ್ದಿರುವ ಹತ್ತು ವರ್ಷದ ತಡೆ ಮುಗಿಯುವುದು 2033ರ ಅಕ್ಟೋಬರ್‌ಗೆ. ಮಗಳು ಹುಟ್ಟಿದ್ದು 2020ರಲ್ಲಿ.

ಅಮೆರಿಕದಲ್ಲಿ ಪೇಪರ್ ಇಲ್ಲದೆ ಉಳಿದು, ಅಲ್ಲಿನ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾಗಿ, ಈಗ ಮುಂಬೈಯ ಅಮೆರಿಕ ಕಾನ್ಸುಲೇಟ್‌ನ ವೀಸಾ ಇಂಟರ್‌ವ್ಯೂಗೆ ಹೊರಟಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಟಿಕೆಟ್ ಬುಕ್ ಮಾಡಬೇಡಿ. ಮಾಡಿದ್ದರೆ ಹೊರಡಬೇಡಿ. ಮೊದಲು ನನ್ನ ಕಥೆ ಕೇಳಿ.

ನಾನು 2014ರ ಅಕ್ಟೋಬರ್‌ನಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಹೋದವನು. ನನ್ನ ಐ-94, ಅಂದರೆ ಒಳಗೆ ಬಿಡುವಾಗ ಕೊಡುವ ದಾಖಲೆ, ಇದ್ದದ್ದು 2017ರ ಸೆಪ್ಟೆಂಬರ್‌ವರೆಗೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಬೇರೆ, ಐ-94 ಬೇರೆ. ನಾವು ಅಲ್ಲಿ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94. ಕೆಲಸ ಅದಕ್ಕೂ ಮುಂಚೆಯೇ ಹೋಯಿತು, ಬೇರೆ ಕಂಪನಿ ಸಿಗಲಿಲ್ಲ. ಊರಲ್ಲಿ ತಂಗಿ ಮದುವೆಗೆ ಮಾಡಿದ ಸಾಲ ಹಾಗೇ ಇತ್ತು. ಇನ್ನು ಆರು ತಿಂಗಳು ನೋಡೋಣ, ಇನ್ನಾರು ತಿಂಗಳು ನೋಡೋಣ ಅಂತ ಉಳಿದುಬಿಟ್ಟೆ. ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಅದು ತಪ್ಪು, ಒಪ್ಪುತ್ತೇನೆ. ಆದರೆ ನಾನು ಇವತ್ತು ಇಲ್ಲಿ ಕೂತಿರುವುದಕ್ಕೆ ಕಾರಣ ಆ ತಪ್ಪು ಅಲ್ಲ. ಆಮೇಲೆ ಮಾಡಿದ್ದು.

2019ರಲ್ಲಿ ಮದುವೆ ಆಯಿತು. ಅವಳದು ಹುಬ್ಬಳ್ಳಿ ಮನೆತನ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಹೋಗಿ ಅಮೆರಿಕದ ಸಿಟಿಜನ್ ಆದವಳು. ಅವಳು ನನ್ನ ಹೆಸರಲ್ಲಿ ಐ-130, ಅಂದರೆ ಇವನು ನನ್ನ ಗಂಡ ಅಂತ ಸರ್ಕಾರಕ್ಕೆ ಕೊಡುವ ಅರ್ಜಿ, ಹಾಕಬೇಕಿತ್ತು. ವಕೀಲರು ಕೇಳುವ ದುಡ್ಡು ನಮಗೆ ಜಾಸ್ತಿ ಅನ್ನಿಸಿತು. ಅಂಗಡಿಗೆ ಬರುತ್ತಿದ್ದ ಒಬ್ಬರು ಫಾರಂ ತುಂಬಿಕೊಡುತ್ತಿದ್ದರು. ನಮ್ಮ ದೇಶದವರೇ, ಎಲ್ಲರೂ ಅವರನ್ನು ಅಂಕಲ್ ಅಂತಿದ್ದರು. ಅವರ ಆಫೀಸಿನ ಗಾಜಿನ ಮೇಲೆ ದೊಡ್ಡದಾಗಿ ನೋಟರಿ ಪಬ್ಲಿಕ್ ಅಂತ ಬರೆದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಊರ ಕೋರ್ಟ್ ಮುಂದೆ ನೋಟರಿ ಅಂತ ಬೋರ್ಡ್ ಇದ್ದರೆ ಅವರು ವಕೀಲರೇ ಆಗಿರುತ್ತಾರೆ. ಹತ್ತಾರು ವರ್ಷ ಕೋರ್ಟ್ ಕಂಡವರು. ಅಮೆರಿಕದಲ್ಲಿ ನೋಟರಿ ಅಂದರೆ ನೀವು ಸಹಿ ಹಾಕಿದ್ದನ್ನು ನೋಡಿದೆ ಅಂತ ಸೀಲ್ ಒತ್ತುವವರು, ಅಷ್ಟೇ. ಕಾನೂನು ಓದಿರಬೇಕಾಗಿಲ್ಲ, ಇಮಿಗ್ರೇಷನ್ ಸಲಹೆ ಕೊಡುವ ಹಕ್ಕೂ ಅವರಿಗಿಲ್ಲ. ನಾನು ಆ ಬೋರ್ಡನ್ನು ಅರಸೀಕೆರೆಯ ಕಣ್ಣಿನಲ್ಲಿ ಓದಿದೆ.

ಐ-130 ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಅರ್ಜಿ ಯಾರಿಗಾಗಿಯೋ ಅವರು ಅಮೆರಿಕದ ಒಳಗೇ ಇದ್ದು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುತ್ತಾರಾ, ಇಲ್ಲಾ ಹೊರಗಿನ ಕಾನ್ಸುಲೇಟ್‌ನಲ್ಲಿ ವೀಸಾ ಕೇಳುತ್ತಾರಾ ಅಂತ. ಅಂಕಲ್ ನಮ್ಮನ್ನು ಏನೂ ಕೇಳದೆ ಎರಡನೆಯದನ್ನು ತುಂಬಿದರು. "ನಿನ್ನ ಸ್ಟೇಟಸ್ ಹೋಗಿದೆ ಅಲ್ವಾ, ಒಳಗೆ ಹಾಕೋಕೆ ಬರಲ್ಲ. ಮುಂಬೈಗೆ ಹೋಗಿ ಸ್ಟ್ಯಾಂಪ್ ಹಾಕಿಸ್ಕೊಂಡು ಬಾ. ಮೂರು ವಾರದ ಕೆಲಸ," ಅಂದರು. ನಾವು ತಲೆ ಆಡಿಸಿದೆವು.

ಅವರು ಹೇಳಿದ್ದು ತಪ್ಪು. ಪೂರ್ತಿ ತಪ್ಪು.

ವೀಸಾ ತೋರಿಸಿ, ಅಧಿಕಾರಿ ಸೀಲ್ ಹಾಕಿ ಒಳಗೆ ಬಿಟ್ಟವರು, ಆಮೇಲೆ ಅವಧಿ ಮೀರಿ ಉಳಿದಿದ್ದರೂ, ಅನುಮತಿ ಇಲ್ಲದೆ ಕೆಲಸ ಮಾಡಿದ್ದರೂ, ಸಿಟಿಜನ್ ಆದ ಗಂಡ ಅಥವಾ ಹೆಂಡತಿಯ ಮೂಲಕ ಸಾಮಾನ್ಯವಾಗಿ ಅಲ್ಲೇ ಇದ್ದುಕೊಂಡು ಐ-485, ಅಂದರೆ ಗ್ರೀನ್ ಕಾರ್ಡ್ ಅರ್ಜಿ, ಹಾಕಬಹುದು. ನನ್ನದು ಸರಿಯಾಗಿ ಇದೇ ಕೇಸು. ಮುಂಬೈಗೆ ಬರುವ ಅಗತ್ಯವೇ ಇರಲಿಲ್ಲ. ಫಾರಂನಲ್ಲಿ ಕಾನ್ಸುಲೇಟ್ ಅಂತ ತುಂಬಿದ್ದರೂ ದಾರಿ ಮುಚ್ಚಿರಲಿಲ್ಲ, ಆಮೇಲೂ ಒಳಗೇ ಅರ್ಜಿ ಹಾಕಬಹುದಿತ್ತು. ವಿಮಾನ ಹತ್ತುವ ಹಿಂದಿನ ದಿನ ಕೂಡ ತಡವಾಗಿರಲಿಲ್ಲ. ಇದನ್ನು ನನಗೆ ಹೇಳಿದ್ದು ಇಲ್ಲಿಗೆ ಬಂದ ಮೇಲೆ ನಾವು ಹಿಡಿದ ವಕೀಲರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಆ ಹತ್ತು ವರ್ಷ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 1996ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು, 1997ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅನಧಿಕೃತವಾಗಿ 180 ದಿನಕ್ಕಿಂತ ಜಾಸ್ತಿ, ಒಂದು ವರ್ಷಕ್ಕಿಂತ ಕಮ್ಮಿ ಉಳಿದು ಹೊರಟರೆ ಮೂರು ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಹತ್ತು ವರ್ಷ. ಹದಿನೆಂಟು ತುಂಬುವ ಮುಂಚಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇದರಲ್ಲಿ "ಹೊರಟರೆ" ಅನ್ನುವ ಪದವನ್ನು ಇನ್ನೊಂದು ಸಲ ಓದಿ. ಈ ತಡೆ ಬೀಳುವುದು ಅಲ್ಲಿ ಉಳಿದಿದ್ದಕ್ಕೆ ಅಲ್ಲ, ಉಳಿದು ಆಮೇಲೆ ಹೊರಟಿದ್ದಕ್ಕೆ. ನಾನು ನ್ಯೂಆರ್ಕ್ ಏರ್‌ಪೋರ್ಟಿನಲ್ಲಿ ಮಗಳಿಗೆ ಟಾಟಾ ಮಾಡಿ ಒಳಗೆ ಹೋದೆನಲ್ಲ, ಆ ವಿಮಾನ ಮೇಲೇರಿದಾಗ ನನ್ನ ಹತ್ತು ವರ್ಷ ಶುರುವಾಯಿತು. ಅಲ್ಲಿಯವರೆಗೆ ಆ ತಡೆ ನನ್ನ ಮೇಲೆ ಇರಲೇ ಇಲ್ಲ.

ಐ-130 ಅಪ್ರೂವ್ ಆಗಿದೆಯಲ್ಲ, ಇನ್ನೇನು ಭಯ ಅಂತ ನನಗೂ ಅನ್ನಿಸಿತ್ತು. ಅಪ್ರೂವಲ್ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆ ಕಾಗದದಲ್ಲೇ ಒಂದು ಸಾಲು ಇರುತ್ತದೆ, ಈ ಒಪ್ಪಿಗೆಯಿಂದ ಯಾವ ಸ್ಟೇಟಸ್ಸೂ ಸಿಗುವುದಿಲ್ಲ, ವೀಸಾ ಸಿಗುವ ಖಾತರಿಯೂ ಇಲ್ಲ ಅಂತ. ಐ-130 ಒಪ್ಪಿದರು ಅಂದರೆ ನಿಮ್ಮ ಗಂಡ ಹೆಂಡತಿ ಸಂಬಂಧ ನಿಜ ಅಂತ ಒಪ್ಪಿದರು, ಅಷ್ಟೇ. ನೀವು ದೇಶದ ಒಳಗೆ ಬರಬಹುದಾ ಅನ್ನುವುದನ್ನು ಇಂಟರ್‌ವ್ಯೂ ಮಾಡುವವರು ಬೇರೆಯಾಗಿ ನೋಡುತ್ತಾರೆ. ಇಂಟರ್‌ವ್ಯೂ ದಿನಾಂಕ ಕೊಟ್ಟು ಕರೆಯುತ್ತಾರೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ಅಲ್ಲ.

2023ರ ಅಕ್ಟೋಬರ್‌ನಲ್ಲಿ ಒಂದು ಕೈಚೀಲ, ನಾಲ್ಕು ಅಂಗಿ ಹಿಡಿದು ಹೊರಟೆ. ಅಂಗಡಿಯವರು ಮೂರು ವಾರ ನನ್ನ ಜಾಗ ಹಾಗೇ ಇಟ್ಟಿರುತ್ತೇವೆ ಅಂದಿದ್ದರು. ಮನೆಗೆ ಬಂದು ಅವ್ವನ ಕೈ ಅಡುಗೆ ಉಂಡೆ. ಒಂಬತ್ತು ವರ್ಷ ಆಗಿತ್ತು ಅವಳನ್ನು ನೋಡಿ. ಆಮೇಲೆ ರೈಲು ಹತ್ತಿ ಮುಂಬೈ. ಭಾರತದವರಿಗೆ ಈ ಇಮಿಗ್ರೆಂಟ್ ವೀಸಾ ಇಂಟರ್‌ವ್ಯೂ ಹೆಚ್ಚಾಗಿ ನಡೆಯುವುದು ಅಲ್ಲೇ. ಮೆಡಿಕಲ್ ಆಯಿತು, ಬೆರಳಚ್ಚು ಆಯಿತು, ಪೊಲೀಸ್ ಕ್ಲಿಯರೆನ್ಸ್ ಕೈಯಲ್ಲಿತ್ತು. ಮದುವೆ ಆಲ್ಬಂ ಒಂದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಧಾರೆ ಎರೆಯುವ ಫೋಟೋ ಇರುವ ಪುಟಕ್ಕೆ ಗುರುತಿಗೆ ಅಂತ ಒಂದು ಚೀಟಿ ಸಿಕ್ಕಿಸಿದ್ದೆ. ಮೊದಲು ಅದನ್ನೇ ಕೇಳುತ್ತಾರೆ ಅಂತ ನನ್ನ ಲೆಕ್ಕ.

ಯಾರೂ ಆಲ್ಬಂ ತೆಗೆಸಲಿಲ್ಲ. ಗಾಜಿನ ಆ ಕಡೆ ಇದ್ದ ಅಧಿಕಾರಿ ಹೆಣ್ಣುಮಗಳು, ಮೆತ್ತಗೆ ಮಾತಾಡುವವರು. ಕೊನೆಯ ಸಲ ಅಮೆರಿಕಕ್ಕೆ ಬಂದಿದ್ದು ಯಾವಾಗ ಅಂತ ಕೇಳಿದರು. ಹೇಳಿದೆ. ಬಿಟ್ಟಿದ್ದು ಯಾವಾಗ? ಹೇಳಿದೆ. ಮಧ್ಯದಲ್ಲಿ ಹೊರಗೆ ಹೋಗಿದ್ದೀರಾ? ಇಲ್ಲ. ಅವರು ಕಂಪ್ಯೂಟರ್ ನೋಡಿ ಒಂದು ಚೀಟಿಯ ಮೇಲೆ ಎರಡು ದಿನಾಂಕ ಬರೆದುಕೊಂಡರು, ಒಂದರ ಕೆಳಗೆ ಒಂದು. ಶಾಲೆಯಲ್ಲಿ ಕಳೆಯುವ ಲೆಕ್ಕ ಬರೆಯುತ್ತೇವಲ್ಲ, ಹಾಗೆ. ಆಮೇಲೆ ಗಾಜಿನ ಕೆಳಗಿನಿಂದ ಒಂದು ಹಾಳೆ ತಳ್ಳಿದರು. ಸಾಲು ಸಾಲಾಗಿ ಚೌಕಗಳು, ಒಂದರಲ್ಲಿ ಪೆನ್ನಿನಿಂದ ಗುರುತು. ಅದರ ಮುಂದೆ ಹತ್ತು ವರ್ಷ ಅಂತ ಇತ್ತು. "ನಿಮ್ಮ ಮದುವೆ ಬಗ್ಗೆ ನನಗೆ ಅನುಮಾನ ಇಲ್ಲ," ಅಂದರು. ವೇವರ್‌ಗೆ (ಈ ತಡೆಯಿಂದ ವಿನಾಯಿತಿಗೆ) ಅರ್ಜಿ ಹಾಕಬಹುದು ಅಂತಲೂ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾನೂನಿನಲ್ಲಿ ಇದ್ದದ್ದನ್ನು ಮಾಡಿದರು.

ಒಳಗೆ ಫೋನ್ ಬಿಡುವುದಿಲ್ಲ. ಹೊರಗೆ ಬಂದು, ಇಟ್ಟಿದ್ದ ಕಡೆಯಿಂದ ಫೋನ್ ತಗೊಂಡು ಕರೆ ಮಾಡಿದೆ. ಅಲ್ಲಿ ಮಧ್ಯರಾತ್ರಿ. ಒಂದೇ ರಿಂಗಿಗೆ ಎತ್ತಿದಳು. "ರೀ, ಆಯ್ತಾ?" ಅಂದಳು. ನನಗೆ ಬಾಯಿ ಬರಲಿಲ್ಲ.

ಈಗ ವೇವರ್ ವಿಷಯ. ಹೊರಗೆ ಬಂದು ನಿರಾಕರಣೆ ಆದವರು ಹಾಕುವುದು ಐ-601. ನಾನು ಬರದಿದ್ದರೆ ನನ್ನ ಹೆಂಡತಿಗೆ ವಿಪರೀತ ಕಷ್ಟ ಆಗುತ್ತದೆ ಅಂತ ಸಾಬೀತು ಮಾಡಬೇಕು. ಬೇರೆ ಇದ್ದೇವೆ, ದುಃಖ ಆಗುತ್ತಿದೆ ಅಂದರೆ ಸಾಲದು, ಅದು ಎಲ್ಲರಿಗೂ ಆಗುವುದೇ ಅನ್ನುತ್ತಾರೆ. ಕಾನೂನು ನೋಡುವುದು ಗಂಡ, ಹೆಂಡತಿ, ಅಪ್ಪ, ಅಮ್ಮ ಇವರಲ್ಲಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರ ಕಷ್ಟ. ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ. ಮಗಳು ರಾತ್ರಿ ಎದ್ದು ಅಪ್ಪ ಎಲ್ಲಿ ಅಂತ ಅಳುವುದು ನೇರವಾಗಿ ಲೆಕ್ಕಕ್ಕಿಲ್ಲ, ಅದರಿಂದ ಅವಳ ಅಮ್ಮನಿಗೆ ಏನಾಯಿತು ಅನ್ನುವುದು ಮಾತ್ರ ಲೆಕ್ಕ. ಹಾಗಾಗಿ ನನ್ನ ಹೆಂಡತಿ ಡಾಕ್ಟರ ಚೀಟಿ, ಬಾಡಿಗೆ ರಸೀದಿ, ಮಗಳ ಶಾಲೆಯ ಪತ್ರ, ಎಲ್ಲ ಸೇರಿಸಿ ತನ್ನ ಬದುಕು ಎಷ್ಟು ಹಾಳಾಗಿದೆ ಅಂತ ಇನ್ನೂರು ಪುಟದ ಕಟ್ಟು ಮಾಡಿ ಕಳಿಸಬೇಕಾಯಿತು. 2024ರ ಫೆಬ್ರವರಿಯಲ್ಲಿ ಹಾಕಿದ್ದು. ಇನ್ನೂ ಉತ್ತರ ಬಂದಿಲ್ಲ.

ನನ್ನ ಹಾಗೆ ಸೀಲ್ ಹಾಕಿಸಿಕೊಂಡು ಹೋದವರಲ್ಲೂ ಎಲ್ಲರಿಗೂ ಒಳಗೇ ಅರ್ಜಿ ಹಾಕುವ ದಾರಿ ಇಲ್ಲ. ಮಂಗಳೂರು, ಕಾರವಾರ ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಹೋಗುತ್ತಾರೆ. ಸಿಬ್ಬಂದಿ ವೀಸಾದಲ್ಲಿ ಇಳಿದು ಉಳಿದವರಿಗೆ, ಸಿಟಿಜನ್ ಮದುವೆಯಾದರೂ ಈ ಬಾಗಿಲು ಮುಚ್ಚಿದೆ. ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾಗಿ, ಅವಧಿ ಮೀರಿ ಉಳಿದವರಿಗೂ ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಅವರ ಗಂಡ ಅಥವಾ ಹೆಂಡತಿ ಮುಂದೆ ಸಿಟಿಜನ್ ಆದರೆ ಲೆಕ್ಕ ಬದಲಾಗುತ್ತದೆ, ಅದಕ್ಕೆ ಕಾಯುವುದೇ ಒಳ್ಳೆಯದಾ ಅಂತ ವಕೀಲರನ್ನು ಕೇಳಿ.

ಗಡಿ ದಾಟಿ, ಯಾವ ಅಧಿಕಾರಿಯ ಕಣ್ಣಿಗೂ ಬೀಳದೆ ಒಳಗೆ ಹೋದವರು ಹೆಚ್ಚಾಗಿ ಹೊರಗೆ ಬಂದೇ ವೀಸಾ ತಗೋಬೇಕು. ಅವರಿಗಾಗಿ 2013ರಲ್ಲಿ ಐ-601ಎ ಅನ್ನುವ ವೇವರ್ ಅರ್ಜಿ ಬಂತು, 2016ರಲ್ಲಿ ಗ್ರೀನ್ ಕಾರ್ಡ್ ಇರುವವರ ಗಂಡ ಹೆಂಡಿರಿಗೂ ವಿಸ್ತರಿಸಿದರು. ಇದನ್ನು ಹಾಕುವುದು ಅಮೆರಿಕದ ಒಳಗೆ ಇದ್ದಾಗ, ಹೊರಡುವ ಮುಂಚೆ. ಒಪ್ಪಿಗೆ ಕೈಗೆ ಬಂದ ಮೇಲೆಯೇ ಹೊರಡಬೇಕು. ವರ್ಷಗಟ್ಟಲೆ ಕಾಯಿಸುತ್ತಾರೆ, ಕಾಯಿರಿ. ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕಾಯುವುದಕ್ಕೂ ಇಲ್ಲಿ ಒಬ್ಬನೇ ಕಾಯುವುದಕ್ಕೂ ವ್ಯತ್ಯಾಸ ಎಷ್ಟು ಅಂತ ನನಗೆ ಗೊತ್ತು.

ಆ ಐ-601ಎ ಕೂಡ ಅವಧಿ ಮೀರಿ ಉಳಿದ ಒಂದೇ ತಪ್ಪಿಗೆ. ಇಂಟರ್‌ವ್ಯೂನಲ್ಲಿ ಬೇರೆ ಏನಾದರೂ ಸಿಕ್ಕರೆ ಅದು ತಾನಾಗಿ ರದ್ದಾಗುತ್ತದೆ. ಹಿಂದೆ ಸುಳ್ಳು ದಾಖಲೆ ಕೊಟ್ಟಿದ್ದರೆ, ಗಡೀಪಾರು ಆದೇಶ ಆಗಿದ್ದರೆ, ಒಂದು ಸಲ ಹೊರಗೆ ಬಂದು ಮತ್ತೆ ಕದ್ದು ಒಳಗೆ ಹೋಗಿದ್ದರೆ, ವಕೀಲರಿಗೆ ಮೊದಲೇ ಹೇಳಿ. ಕೆಲಸಕ್ಕೆ ಸೇರುವಾಗ ಫಾರಂನಲ್ಲಿ ನಾನು ಸಿಟಿಜನ್ ಅಂತ ಗುರುತು ಹಾಕಿದ್ದರೆ ಅದನ್ನಂತೂ ಮುಚ್ಚಿಡಬೇಡಿ, ಅದಕ್ಕೆ ಗ್ರೀನ್ ಕಾರ್ಡ್ ಕೇಳುವವರಿಗೆ ವೇವರ್ ಇಲ್ಲ.

ಒಳಗೇ ಅರ್ಜಿ ಹಾಕುವುದೂ ಈಗ ಮೊದಲಿನಷ್ಟು ನಿರಾಳ ಅಲ್ಲ. ಗ್ರೀನ್ ಕಾರ್ಡ್ ಇಂಟರ್‌ವ್ಯೂಗೆ ಹೋದವರನ್ನೇ ಹಿಡಿದ ಸುದ್ದಿ 2025ರ ಕೊನೆಯಲ್ಲಿ ಸ್ಯಾನ್ ಡಿಯಾಗೊದಿಂದ ಬಂತು. ಆ ಭಯಕ್ಕೇ ಎಷ್ಟೋ ಜನ ತಾವೇ ಹೊರಟುಬಿಡೋಣ ಅಂತಿದ್ದಾರೆ. ಸರ್ಕಾರದ ಆಪ್‌ನಲ್ಲಿ ಹೆಸರು ಕೊಟ್ಟು ಹೊರಟರೆ 1000 ಡಾಲರ್ ಕೊಡುತ್ತೇವೆ ಅಂತ ಅದೇ ವರ್ಷ ಹೇಳಿದರು. ಆ ದುಡ್ಡು ತಗೊಂಡು ಹೊರಟರೂ ಹತ್ತು ವರ್ಷದ ತಡೆ ಅಳಿಸಿಹೋಗುವುದಿಲ್ಲ. ಇರುವುದೋ ಹೋಗುವುದೋ ನಿಮ್ಮ ಮನೆಯವರು ಕೂತು ತೀರ್ಮಾನ ಮಾಡಬೇಕಾದ ವಿಷಯ. ಆದರೆ ಗೊತ್ತಿದ್ದು ಮಾಡಿ.

ವಕೀಲರ ಹತ್ತಿರ ಹೋಗುವಾಗ ಐ-94, ಪಾಸ್‌ಪೋರ್ಟಿನ ಸೀಲ್ ಇರುವ ಪುಟ, ಹಳೆಯ ಅರ್ಜಿಗಳ ನಕಲು ತಗೊಂಡು ಹೋಗಿ. ಅವರ ಹೆಸರು ಆ ರಾಜ್ಯದ ವಕೀಲರ (ಬಾರ್) ಪಟ್ಟಿಯಲ್ಲಿ ಇದೆಯಾ ನೋಡಿ, ಫೋನಿನಲ್ಲೇ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ದುಡ್ಡಿಲ್ಲದಿದ್ದರೆ ಕಡಿಮೆ ಖರ್ಚಿನಲ್ಲಿ ಮಾಡುವ ಸೇವಾ ಸಂಸ್ಥೆಗಳಿವೆ, ಅಲ್ಲಿ ಅಮೆರಿಕದ ನ್ಯಾಯ ಇಲಾಖೆಯಿಂದ ಮಾನ್ಯತೆ ಪಡೆದವರು ಇರುತ್ತಾರೆ. ನಾವು ಉಳಿಸಲು ನೋಡಿದ ವಕೀಲರ ಫೀಸಿನ ಮೂರು ಪಟ್ಟು ಈಗಾಗಲೇ ಖರ್ಚಾಗಿದೆ.

ಮಗಳು ಶಾಲೆಗೆ ಹೊರಡುವ ಮುಂಚೆ, ಅವರ ಬೆಳಿಗ್ಗೆ ಏಳಕ್ಕೆ ವಿಡಿಯೋ ಕಾಲ್ ಮಾಡುತ್ತಾಳೆ. ನಮಗೆ ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ತೆಂಗಿನ ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ ಅಂತ ಅಷ್ಟೊತ್ತಿಗೆ ಎಲ್ಲಿದ್ದರೂ ಮನೆಯ ಜಗಲಿಗೆ ಬಂದು ಕೂರುತ್ತೇನೆ.

ಹೋದ ತಿಂಗಳು ಟೆಕ್ಸಾಸ್‌ನಿಂದ ಒಬ್ಬ ಹೆಣ್ಣುಮಗಳು ಯಾರ ಮೂಲಕವೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ವಿಸಿಟರ್ ವೀಸಾದಲ್ಲಿ ಹೋಗಿ ನಾಲ್ಕು ವರ್ಷ ಉಳಿದವಳು, ಗಂಡ ಸಿಟಿಜನ್. ಜನವರಿಗೆ ಮುಂಬೈ ಇಂಟರ್‌ವ್ಯೂ, ಟಿಕೆಟ್ ಆಗಿದೆ. ಅವಳಿಗೂ ಮೂರು ವಾರ ಅಂತಲೇ ಹೇಳಿದ್ದರಂತೆ. ನನ್ನ ಹಾಳೆಯ ಫೋಟೋ ಕಳಿಸಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಟಿಕೆಟ್ ದುಡ್ಡು ವಾಪಸ್ ಬರಲ್ಲ ಅಂತಾರೆ ಅಣ್ಣ," ಅಂದಳು. ಹೋದರೆ ಹೋಗಲಿ ತಾಯಿ, ನೀನು ಹೊರಡಬೇಡ ಅಂದೆ. ಮಾರನೇ ದಿನ ರದ್ದು ಮಾಡಿಸಿದಳು. ಮುಂದಿನ ವಾರ ವಕೀಲರ ಹತ್ತಿರ ಹೋಗುತ್ತಾಳೆ.