ಟ್ರೆಡ್‌ಮಿಲ್, ಟಾರು ರಸ್ತೆ, ಕೆರೆ ದಾರಿ: ಮಂಡಿ-ಸೊಂಟ ನೋವಿನವರು ಎಲ್ಲಿ ಓಡಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ದಾರಿಗೆ. 35 ಸಾವಿರ ಕೊಟ್ಟು ತಂದ ಟ್ರೆಡ್‌ಮಿಲ್ ಈಗ ಆಫೀಸಿನ ಗೆಳತಿಯೊಬ್ಬಳ ಮನೆಯಲ್ಲಿದೆ. ಅವಳ ಅಪ್ಪ ಅದರ ಮೇಲೆ ದಿನಾ ಆರಾಮಾಗಿ ನಡೆಯುತ್ತಾರೆ. ನಡೆಯೋದಕ್ಕೆ ಅದು ಒಳ್ಳೆ ಮೆಷಿನ್ನೇ. ನಾನು ತಂದಿದ್ದು ಓಡೋದಕ್ಕೆ.

ನನ್ನ ಕಥೆ ಚಿಕ್ಕದಾಗಿ: ವಯಸ್ಸು 46, ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿ ಕೆಲಸ. ಮೆಟ್ಟಿಲು ಇಳಿಯುವಾಗ ಮಂಡಿ ಚಿಪ್ಪಿನ ಸುತ್ತ ನೋವು. ಸೊಂಟದ ಹತ್ತಿರ ಬೆನ್ನುಮೂಳೆಯ ಎಲ್4-ಎಲ್5 ಮೂಳೆಗಳ ಮಧ್ಯದ ಡಿಸ್ಕ್ (ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಎಂಆರ್‌ಐನಲ್ಲಿ ಬಂದಿತ್ತು. ಡಾಕ್ಟರ್ ಓಡಬೇಡಿ ಅನ್ನಲಿಲ್ಲ, ಮೊದಲು ಫಿಸಿಯೋ ಹತ್ತಿರ ಹೋಗಿ ಅಂದರು. ಕಾಲಿಗೆ ಜೋಮು ಇಳಿಯುವುದು, ಪಾದದಲ್ಲಿ ಶಕ್ತಿ ಇಲ್ಲದ ಹಾಗೆ ಆಗುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಇಂಥದ್ದೇನಾದರೂ ಇದ್ದರೆ ಓಟದ ಮಾತು ಬಿಟ್ಟು ಆವತ್ತೇ ಡಾಕ್ಟರನ್ನು ಕಾಣಬೇಕು. ನನಗೆ ಅದ್ಯಾವುದೂ ಇರಲಿಲ್ಲ.

ಇದ್ದಿದ್ದು ಅತ್ತಿಗೆಯ ಮಾತು. "ಈ ವಯಸ್ಸಲ್ಲಿ ಓಡಿದ್ರೆ ಇರೋ ಮಂಡೀನೂ ಸವೆದು ಹೋಗುತ್ತೆ ಕಣೇ." ಎಲ್ಲರ ಮನೆಯಲ್ಲೂ ಕೇಳುವ ಮಾತು ಇದು, ಅಲ್ವಾ? 2017ರಲ್ಲಿ ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದರು. ಆರೋಗ್ಯಕ್ಕೆ, ಖುಷಿಗೆ ಅಂತ ಓಡುವವರಲ್ಲಿ ಮಂಡಿ ಅಥವಾ ಹಿಪ್ (ತೊಡೆ ಸೊಂಟಕ್ಕೆ ಸೇರುವ) ಕೀಲು ಸವೆತ ಇದ್ದಿದ್ದು ಶೇ. 3.5 ಜನಕ್ಕೆ. ಓಡದೆ ಕೂತಿರುವವರಲ್ಲಿ ಶೇ. 10.2. ಸ್ಪರ್ಧೆಗೆ ಅಂತ ಓಡುವವರಲ್ಲಿ ಮಾತ್ರ ಶೇ. 13.3. ಹಾಗಂತ ಓಟವೇ ಮದ್ದು ಅಂತ ಅರ್ಥ ಅಲ್ಲ. ಮಂಡಿ ನೋವಿದ್ದವರು ಮೊದಲೇ ಓಟ ಬಿಟ್ಟಿರಬಹುದು. ಆದರೂ ಅತ್ತಿಗೆಗೆ ತೋರಿಸೋದಕ್ಕೆ ನನಗೆ ಅಷ್ಟು ಸಾಕಾಗಿತ್ತು.

ಮೂರೂ ಕಡೆ ನಾನು ಓಡಿದ್ದು ಒಂದೇ ರೀತಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಜನಪ್ರಿಯ ಮಾಡಿದ ಪದ್ಧತಿ ಇದು. ಒಲಿಂಪಿಕ್ಸ್‌ನಲ್ಲಿ ಓಡಿದವನೇ ಮಧ್ಯೆ ಮಧ್ಯೆ ನಡೀರಿ ಅನ್ನುವಾಗ ನಮಗೇನು ನಾಚಿಕೆ. ಜೊತೆಗೆ ಫಿಸಿಯೋ ಕೊಟ್ಟ ಅಳತೆಗೋಲು ಒಂದಿತ್ತು: ಹತ್ತಕ್ಕೆ ಮೂರರಷ್ಟು ನೋವಿದ್ದರೆ ಪರವಾಗಿಲ್ಲ, ಆದರೆ ಮಾರನೇ ದಿನ ಬೆಳಿಗ್ಗೆಯೊಳಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿ ಆಯಿತು ಅಂತ ಲೆಕ್ಕ. ಮೂರನ್ನೂ ನಾನು ತೂಗಿದ್ದು ಈ ಮಾರನೇ ಬೆಳಗಿನ ಲೆಕ್ಕದಲ್ಲೇ.

ಟ್ರೆಡ್‌ಮಿಲ್ ತರೋದಕ್ಕೆ ಕಾರಣ ಇತ್ತು. ನೆಲ ಸಪಾಟು. ಮಳೆ ಇಲ್ಲ, ನಾಯಿ ಇಲ್ಲ. ನೋವು ಬಂದರೆ ಬಟನ್ ಒತ್ತಿ ಇಳಿದರಾಯಿತು, ಎದುರಿಗೇ ಸೋಫಾ. ಎರಡು ಕಿಲೋಮೀಟರ್ ಆಚೆ ಮಂಡಿ ಹಿಡಿದುಕೊಂಡು ಕುಂಟುತ್ತಾ ವಾಪಸ್ ಬರುವ ಭಯ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ಇದು ಸಣ್ಣ ಧೈರ್ಯ ಅಲ್ಲ.

ಕಾಟ ಕೊಟ್ಟಿದ್ದು ಬೆಲ್ಟಿನ ಉದ್ದ. ಅಂಗಡಿಗೆ ಹೋದರೆ ಎಲ್ಲರೂ ಮೋಟರ್ ಎಷ್ಟು ಎಚ್‌ಪಿ ಅಂತಲೇ ಮಾತಾಡುತ್ತಾರೆ. (ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರೋದು ಪೀಕ್ ಎಚ್‌ಪಿ. ಒಂದೇ ಸಮ ಓಡಿದಾಗ ಸಿಗೋದು ಅದಕ್ಕಿಂತ ಕಮ್ಮಿ.) ಕಾಲಿಡುವ ಜಾಗ ಎಷ್ಟುದ್ದ ಅಂತ ಯಾರೂ ಬಾಯಿ ಬಿಡಲ್ಲ. ನಮ್ಮದು 110 ಸೆಂಟಿಮೀಟರ್ ಉದ್ದ, 40 ಅಗಲ. ಈ ಬೆಲೆಗೆ ಸಿಗುವ ಬಹಳಷ್ಟು ಮನೆ ಮೆಷಿನ್‌ಗಳು ಹೆಚ್ಚುಕಮ್ಮಿ ಹೀಗೇ ಇರುತ್ತವೆ. ನಡಿಗೆಗೆ ಧಾರಾಳ. ಓಡೋದಕ್ಕೆ 130ರ ಮೇಲಾದರೂ ಬೇಕು.

ಬೆಲ್ಟು ಗಿಡ್ಡ ಆದರೆ ಏನಾಗುತ್ತೆ ನೋಡಿ. ಹಿಂದಿನ ಕಾಲು ಎಲ್ಲಿ ತುದಿಯಿಂದ ಜಾರುತ್ತೋ ಅಂತ ಮೈ ತಾನಾಗೇ ಮುಂದಕ್ಕೆ ಸರಿಯುತ್ತೆ. ಮುಂದೆ ಸರಿದರೆ ಎದೆಯ ಹತ್ತಿರಕ್ಕೇ ಡಿಸ್‌ಪ್ಲೇ. ಕೈ ಬೀಸಿದರೆ ಕಂಬಿಗೆ ತಾಗುತ್ತೆ. ನಮ್ಮೆಜಮಾನರು ಒಂದು ದಿನ ಪಕ್ಕದಿಂದ ವಿಡಿಯೋ ಮಾಡಿದರು. ನೋಡಿದರೆ ಹೆಗಲೆರಡೂ ಕಿವಿ ಹತ್ತಿರ, ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ, ಕಣ್ಣು ಕೆಂಪು ಅಂಕಿಗಳ ಮೇಲೆ, ಕತ್ತು ಬಗ್ಗಿದೆ, ಕತ್ತಿನ ಹಿಂದೆಯೇ ಬೆನ್ನೂ ಬಗ್ಗಿದೆ. ದಿನವಿಡೀ ಕುರ್ಚಿಯಲ್ಲಿ ಹೇಗೆ ಕೂತಿರುತ್ತೇನೋ ಅದೇ ಭಂಗಿ. ಕಾಲು ಮಾತ್ರ ಓಡುತ್ತಿದೆ!

ಮಂಡಿಗೆ ಏನೂ ಆಗಲಿಲ್ಲ, ನಿಜ ಹೇಳಬೇಕು. ಹಿಡಿದುಕೊಂಡಿದ್ದು ಸೊಂಟ. ಓಡಿದ ಮಾರನೇ ಬೆಳಿಗ್ಗೆ ಬಗ್ಗಿ ಮುಖ ತೊಳೆಯುವಾಗ ಗೊತ್ತಾಗುತ್ತಿತ್ತು. ಅದೇ ಮೆಷಿನ್ ಮೇಲೆ ಬರೀ ನಡೆದ ದಿನ ಏನೂ ಇಲ್ಲ. ಫಿಸಿಯೋ ವಿಡಿಯೋ ನೋಡಿ, "ಕಂಬಿ ಮರೆತುಬಿಡಿ ಮೇಡಂ, ಎದುರು ಗೋಡೆ ನೋಡ್ಕೊಂಡು ಓಡಿ" ಅಂದರು. ಗೋಡೆ ನೋಡಿದರೆ ಬೆಲ್ಟಿನ ಮೇಲೆ ನಾನೆಲ್ಲಿದ್ದೀನಿ ಅನ್ನೋದೇ ತಿಳಿಯಲ್ಲ. ಪಕ್ಕದ ಪಟ್ಟಿಗೆ ಕೆಂಪು ಟೇಪ್ ಅಂಟಿಸಿ, ಓರೆಗಣ್ಣಲ್ಲಿ ಅದನ್ನು ನೋಡಿಕೊಂಡು ಓಡಿದೆ. ಸ್ವಲ್ಪ ಸುಧಾರಿಸಿತು. ಆದರೆ ಅದು ಓಟ ಅನ್ನಿಸಲಿಲ್ಲ, ಟೇಪ್ ಕಾಯುವ ಕೆಲಸ ಆಯಿತು.

ಇದರ ಮೇಲೆ ಸದ್ದು. ನಾವಿರೋದು ಮೊದಲನೇ ಮಹಡಿ, ಕೆಳಗೆ ಓನರ್ ಆಂಟಿ. "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ರಾಗಿ ಬೀಸ್ತೀಯಾ ಹೆಂಗೆ?" ಅಂದರು. ಅಡಿಗೆ ರಬ್ಬರ್ ಮ್ಯಾಟ್ ಹಾಕಿದೆ. ಆಂಟಿ ಸುಮ್ಮನಾದರು, ಆದರೆ ಸದ್ದು ನಿಂತಿದ್ದರಿಂದ ಅಲ್ಲ, ಒಳ್ಳೆಯವರು ಅನ್ನೋದರಿಂದ. ಕರೆಂಟ್ ಹೋದಾಗ ಬೆಲ್ಟು ಗಕ್ಕನೆ ನಿಂತು ಬೆನ್ನಿಗೆ ಒಂದು ಜರ್ಕ್ ಬೀಳೋದು ಇನ್ನೊಂದು. ಏರು ಬೇಕಂದರೆ ಇಳಿದು, ಮೆಷಿನ್ ಹಿಂಭಾಗ ಎತ್ತಿ, ಅದರ ಕಾಲಿನ ಎತ್ತರ ಬದಲಾಯಿಸಬೇಕು. ಸೊಂಟ ನೋವಿನವಳು ಅಷ್ಟು ಭಾರ ಎತ್ತೋದು ಬೇರೆ. ಬೆಲ್ಟಿನ ಅಡಿಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡಬೇಕು. ಕೊಬ್ಬರಿ ಎಣ್ಣೆ ಆಗಲ್ಲ, ನಮ್ಮೆಜಮಾನರು ಕೇಳಿದ್ದರು.

ಇನ್ನು ರಸ್ತೆ. ದುಡ್ಡು ಬೇಡ, ಗೇಟು ದಾಟಿದರೆ ಓಟ ಶುರು. ನನ್ನ ಬೆನ್ನಿಗೆ ಟ್ರೆಡ್‌ಮಿಲ್‌ಗಿಂತ ರಸ್ತೆಯೇ ವಾಸಿ ಅನ್ನಿಸಿತು. ಕೈ ಬೀಸಬಹುದು, ದೂರ ನೋಡಬಹುದು, ಎದೆ ಬಿಚ್ಚಿ ಉಸಿರಾಡಬಹುದು. ಆದರೆ ಬಲ ಮಂಡಿಯ ಹೊರಗಡೆ ಹೊಸದೊಂದು ನೋವು ಶುರುವಾಯಿತು. ಚಿಪ್ಪಿನ ಹತ್ತಿರ ಅಲ್ಲ, ಪಕ್ಕದಲ್ಲಿ. ಅದೂ ಬಲಗಾಲಿಗೆ ಮಾತ್ರ.

ಟಾರು ರಸ್ತೆ ನೋಡೋದಕ್ಕಷ್ಟೇ ಸಮ. ಮಳೆ ನೀರು ಹರಿದು ಹೋಗಲಿ ಅಂತ ನಡು ಎತ್ತರ, ಅಂಚು ತಗ್ಗು ಮಾಡಿರುತ್ತಾರೆ. ನಮ್ಮ ಬಡಾವಣೆಯಲ್ಲಿ ನೀರಿನ ಬಾಟಲಿ ಅಡ್ಡ ಮಲಗಿಸಿ ನೋಡಿದೆ, ಸೀದಾ ಚರಂಡಿ ಕಡೆ ಉರುಳಿ ಹೋಯಿತು. ಎದುರು ಬರುವ ಗಾಡಿ ಕಾಣಲಿ ಅಂತ ನಾನು ಓಡೋದು ಬಲಗಡೆ ಅಂಚಲ್ಲಿ. ಹೋಗುವಾಗಲೂ ಬಲ, ಬರುವಾಗಲೂ ಬಲ. ಅಂದರೆ ಓಟದುದ್ದಕ್ಕೂ ಬಲಗಾಲು ತಗ್ಗಿನಲ್ಲಿ, ಎಡಗಾಲು ದಿಣ್ಣೆಯಲ್ಲಿ. ವಾಪಸ್ ಬರುವಾಗ ಅದೇ ಅಂಚಲ್ಲೇ ಬಂದರೆ ಲೆಕ್ಕ ಸರಿಹೋಗುತ್ತೆ, ಆದರೆ ಆಗ ಗಾಡಿಗಳು ಬೆನ್ನ ಹಿಂದಿನಿಂದ ಬರುತ್ತವೆ. ಮಂಡಿ ಉಳಿಸಿಕೊಳ್ಳೋದೋ ಜೀವ ಉಳಿಸಿಕೊಳ್ಳೋದೋ! ನಡು ರಸ್ತೆ ಸಪಾಟಾಗಿರುತ್ತೆ, ಆದರೆ ಹಾಲಿನ ಗಾಡಿ, ಸ್ಕೂಲ್ ವ್ಯಾನು ಶುರುವಾಗುವ ತನಕ ಮಾತ್ರ ಅದು ನಮ್ಮದು.

ಫುಟ್‌ಪಾತ್ ಕೇಳಬೇಡಿ. ಮನೆಗೊಂದು ಕಾರಿನ ಇಳಿಜಾರು, ಹತ್ತಿ ಇಳಿ, ಹತ್ತಿ ಇಳಿ. ನಾಯಿಗಳು ಕಚ್ಚಲಿಲ್ಲ, ಆದರೆ ಬೊಗಳಿದಾಗ ಗಕ್ಕನೆ ನಿಂತು ತಿರುಗುವುದೇ ಸೊಂಟಕ್ಕೆ ಸಾಕು.

ಓವಲ್ ಮೈದಾನದಲ್ಲೂ ಸುತ್ತು ಹಾಕಿದ್ದೇನೆ. ಸಪಾಟು ನೆಲ, ಆದರೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ, ಮತ್ತೆ ಒಂದೇ ಕಡೆಗೆ ಭಾರ. ಜೊತೆಗೆ ಬೇಗ ಬೇಜಾರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಬಹುದೇನೋ, ಇಳಿಯೋದು ನನ್ನ ಮಂಡಿಗೆ ಆಗದ ಮಾತು.

ಈಗ ಕೆರೆ. ಕುವೆಂಪು ಓಡಾಡುತ್ತಿದ್ದ ಜಾಗ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಸುತ್ತಲೂ ಮಣ್ಣಿನ ದಾರಿ, ಬಹುಪಾಲು ಮರದ ನೆರಳು. ಏರಿ ಮೇಲೆ ಬಂದರೆ ದೂರದಲ್ಲಿ ಚಾಮುಂಡಿ ಬೆಟ್ಟ, ನೀರಿನ ಕಡೆ ಹೆಜ್ಜಾರ್ಲೆಗಳು.

ಮಣ್ಣು ಮೆತ್ತಗಿರುತ್ತೆ, ಅದಕ್ಕೇ ಮಂಡಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತೆ. ನೆಲ ಮೆತ್ತಗಾದರೆ ಕಾಲು ತನ್ನನ್ನು ಸ್ವಲ್ಪ ಬಿಗಿ ಮಾಡಿಕೊಳ್ಳುತ್ತೆ, ನೆಲ ಗಟ್ಟಿಯಾದರೆ ಸ್ವಲ್ಪ ಸಡಿಲಿಸುತ್ತೆ. ಓಟದ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಬರೀ ಮೆತ್ತಗಿರೋದರಿಂದ ಮಂಡಿ ಮೇಲಿನ ಹೊರೆ ಪೂರ್ತಿ ಇಳಿದುಬಿಡಲ್ಲ. ಅಷ್ಟಕ್ಕೂ ಬೇಸಿಗೆಯಲ್ಲಿ ಕೆರೆ ಮಣ್ಣು ಕಾಂಕ್ರೀಟಿನಷ್ಟೇ ಗಟ್ಟಿ.

ನನಗೆ ಒಗ್ಗಿದ್ದು ಬೇರೆ ಕಾರಣಕ್ಕೆ. ಆ ದಾರಿಗೆ ರಸ್ತೆಯ ಥರ ಒಂದೇ ಕಡೆಗೆ ಇಳಿಜಾರಿಲ್ಲ. ಒಂದು ಹೆಜ್ಜೆ ಸ್ವಲ್ಪ ಎಡಕ್ಕೆ ವಾಲಿದರೆ ಮುಂದಿನದು ಬಲಕ್ಕೆ. ಒಂದೇ ಜಾಗಕ್ಕೆ ಸಾವಿರ ಸಲ ಒಂದೇ ಥರ ಪೆಟ್ಟು ಬೀಳಲ್ಲ. ಬೇರು, ಕಲ್ಲು ಇರೋದರಿಂದ ಹೆಜ್ಜೆ ತಾನಾಗೇ ಚಿಕ್ಕದಾಗುತ್ತೆ. ಫಿಸಿಯೋ ಮೊದಲಿನಿಂದ ಬಡಿದುಕೊಂಡಿದ್ದೂ ಅದನ್ನೇ. ವೇಗ ಹೆಚ್ಚಿಸದೆ, ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ಶೇ. 5ರಿಂದ 10 ಜಾಸ್ತಿ ಮಾಡಿದರೆ ಮಂಡಿ ಮೇಲಿನ ಭಾರ ಇಳಿಯುತ್ತೆ. ಟ್ರೆಡ್‌ಮಿಲ್ ಮೇಲೆ ಅದಕ್ಕೆ ಫೋನಲ್ಲಿ ಟಿಕ್ ಟಿಕ್ ಹಾಕಿಕೊಂಡು ಒದ್ದಾಡಿದ್ದೆ. ಇಲ್ಲಿ ದಾರಿಯೇ ಮಾಡಿಸುತ್ತೆ.

ಇನ್ನೊಂದು, ಇಲ್ಲಿ ಯಾರೂ ನನ್ನನ್ನು ಓಡಿಸಲ್ಲ. ಮೆಷಿನ್ ಆದರೆ ಬೆಲ್ಟು ಎಳೆದುಕೊಂಡು ಹೋಗುತ್ತೆ. ರಸ್ತೆಯಲ್ಲಿ ಜನ ನೋಡ್ತಾರೆ ಅಂತ ನಡಿಗೆಯ ಎರಡು ನಿಮಿಷ ಒಂದೂವರೆಗೆ ಇಳಿಯುತ್ತೆ. ಕೆರೆಯಲ್ಲಿ ನಡೆಯುವವರೇ ಜಾಸ್ತಿ, ನಾಲ್ಕು ಜನ ಸಾಲಾಗಿ ಮಾತಾಡಿಕೊಂಡು ದಾರಿ ತುಂಬಾ ಬರುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಅವರು ಎದುರಾದರೆ ನನ್ನ ನಡಿಗೆಯ ಪಾಳಿ ಅಂತ ಲೆಕ್ಕ.

ತೊಂದರೆ ಇಲ್ಲ ಅಂತಲ್ಲ. ಮಳೆ ಬಂದ ಮಾರನೇ ದಿನ ಕೆಸರು ಜಾರುತ್ತೆ, ಒಂದು ಸಲ ಕಾಲು ಜಾರಿ ಸಾವರಿಸಿಕೊಂಡಿದ್ದಕ್ಕೇ ಸೊಂಟ ಚುರ್ ಅಂದಿತ್ತು. ಪಾದದ ಕೀಲು ಪದೇ ಪದೇ ಉಳುಕುವವರಿಗೆ ಈ ದಾರಿ ಬೇಡ, ಅವರಿಗೆ ಟ್ರೆಡ್‌ಮಿಲ್ಲೇ ವಾಸಿ. ಗೇಟು ತೆಗೆಯುವ ಹೊತ್ತಿಗೇ ಹೋಗಬೇಕು. ಮತ್ತೆ ನನಗೆ ಸ್ಕೂಟರಲ್ಲಿ ಹೋಗಬೇಕಾದ ದೂರ. ದಾರಿಯುದ್ದಕ್ಕೂ ಇರುವ ಹಂಪುಗಳು ಓಟಕ್ಕಿಂತ ಜಾಸ್ತಿ ಬೆನ್ನು ಕುಲುಕುತ್ತವೆ ಅನ್ನೋದು ಬೇರೆ ಮಾತು. ಆದರೂ ಮಾರನೇ ಬೆಳಗಿನ ಲೆಕ್ಕದಲ್ಲಿ ಗೆದ್ದಿದ್ದು ಕೆರೆಯೇ. ಮೆಟ್ಟಿಲು ಇಳಿಯುವಾಗ ಮಂಡಿ ಮಾತಾಡಲ್ಲ, ಮುಖ ತೊಳೆಯುವಾಗ ಸೊಂಟ ಮಾತಾಡಲ್ಲ.

ಶೂ ಬಗ್ಗೆ ಕೇಳುವವರು ಇದ್ದೇ ಇರ್ತಾರೆ. ಅಂಗಡಿಯವರು ಮಂಡಿ ನೋವು ಅಂದ ಕೂಡಲೇ ಎಲ್ಲಕ್ಕಿಂತ ದಪ್ಪ ಸೋಲಿನದ್ದನ್ನು ತೋರಿಸಿದರು. ಹಾಕಿ ನೋಡಿದೆ. ರಸ್ತೆಗೆ ಹಿತವಾಗಿತ್ತು, ಕೆರೆ ದಾರಿಯಲ್ಲಿ ಪಾದ ಅತ್ತಿತ್ತ ವಾಲುತ್ತಿತ್ತು. ಈಗಿರೋದು ಮಧ್ಯಮ ದಪ್ಪದ್ದು, ಹಿಮ್ಮಡಿ ಮುಂಗಾಲಿಗಿಂತ 8 ಮಿಲಿಮೀಟರ್ ಎತ್ತರ. ಹಿಮ್ಮಡಿ ತೀರಾ ತಗ್ಗಿದ್ದರೆ ಮಂಡಿಯ ಹೊರೆ ಮೀನಖಂಡಕ್ಕೆ, ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೆ (ಅಕಿಲಿಸ್) ಹೋಗುತ್ತೆ, ಅವೆರಡೂ ಗಟ್ಟಿ ಇದ್ದವರು ನೋಡಬಹುದು. ನೀ ಕ್ಯಾಪ್ ಬೆವರಿಗೆ ಜಾರುತ್ತೆ, ಬಿಟ್ಟೆ. ಸೊಂಟದ ಬೆಲ್ಟ್ ಹಾಕಿ ಓಡೋದು ಫಿಸಿಯೋಗೆ ಇಷ್ಟ ಇಲ್ಲ.

ಅವರಿಗೆ ಇಷ್ಟ ಇರೋದು ಚಾಪೆ ಮೇಲಿನ ಕಸರತ್ತು. ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಮಂಡಿಯೂರಿ ಎದುರು ಬದುರು ಕೈ-ಕಾಲು ಚಾಚುವ ಬರ್ಡ್ ಡಾಗ್, ಸೈಡ್ ಪ್ಲ್ಯಾಂಕ್, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು. ಇದನ್ನು ಬಿಟ್ಟ ವಾರ ಕೆರೆಯೂ ಕಾಪಾಡಲ್ಲ, ಅನುಭವ.

ಯಾರಿಗೆ ಯಾವುದು ಅಂದರೆ: ಮನೆ ಬಿಟ್ಟು ಹೋಗೋಕೆ ಆಗಲ್ಲ, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದಾರೆ ಅನ್ನುವವರು ಟ್ರೆಡ್‌ಮಿಲ್ ತಗೊಳ್ಳಿ. ಆದರೆ ಅಳತೆ ಟೇಪ್ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಬೆಲ್ಟಿನ ಮೇಲೆ ನಿಜಕ್ಕೂ ಓಡಿ ನೋಡಿ. ಉದ್ದ ಬೆಲ್ಟಿನದಕ್ಕೆ ದುಡ್ಡು ಜಾಸ್ತಿ, ನನ್ನ ಬಜೆಟ್ಟಿಗೆ ಅದು ಬರಲಿಲ್ಲ. ಮನೆ ಹತ್ತಿರ ಗಾಡಿ ಓಡಾಡದ ರಸ್ತೆ ಇದ್ದವರು, ಐದೂವರೆಗೇ ಏಳುವವರು ನಡು ರಸ್ತೆಯಲ್ಲಿ ಓಡಿ, ಪೈಸೆ ಖರ್ಚಿಲ್ಲ. ನಾನು ಹೇಗೂ ಬೇಗ ಏಳುವವಳು, ಸ್ಕೂಟರ್ ಇದೆ, ಮಕ್ಕಳು ದೊಡ್ಡವರಾಗಿದ್ದಾರೆ. ನನಗೆ ಕೆರೆ. ಮಳೆಗಾಲದಲ್ಲಿ ದಾರಿ ಒಣಗುವ ತನಕ ಬಡಾವಣೆಯ ಡೆಡ್ ಎಂಡ್ ರಸ್ತೆ, ಅದೂ ನಡುವಲ್ಲೇ. ಟ್ರೆಡ್‌ಮಿಲ್ ಮಾರಿ 18 ಸಾವಿರ ಬಂತು. ಅದರಲ್ಲಿ ಶೂ ತಗೊಂಡೆ, ಉಳಿದಿದ್ದು ಫಿಸಿಯೋ ಫೀಸಿಗೆ.