ಹುಳಗೋಳ ಎಲ್ಲಿ ಹೋಯಿತು? ಪಟ್ಟಿಯಲ್ಲಿ ಹುಡುಕುವ ನಾಲ್ಕು ದಾರಿಗಳ ಹೋಲಿಕೆ

ಕಳೆದ ಮಳೆಗಾಲದಲ್ಲಿ ಶಿರಸಿ ಪೇಟೆಯ ಒಂದು ಅಡಿಕೆ ವಖಾರಿಗೆ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟೆ. ಬೆಳೆಗಾರರ ಖಾತೆಗಳು ಸುಮಾರು 6,200. ಊರುಗಳ ಪಟ್ಟಿ 340ರಷ್ಟು. ಜೊತೆಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಅಡಿಕೆ ಬಗೆಗಳ ಹತ್ತು ವರ್ಷದ ದಿನವಾರು ದರ. ಕೇಳಿದ್ದನ್ನು ಹುಡುಕಿ ತೋರಿಸಬೇಕು, ಅಷ್ಟೇ ಕೆಲಸ. ಆಷಾಢದಲ್ಲಿ ನಮ್ಮ ಕಡೆ ಕರೆಂಟನ್ನೂ ನಂಬುವಂತಿಲ್ಲ, ನೆಟ್‌ವರ್ಕನ್ನೂ ನಂಬುವಂತಿಲ್ಲ. ಹಾಗಾಗಿ ಎಲ್ಲವೂ ಒಂದು ಹಳೇ ಲ್ಯಾಪ್‌ಟಾಪಿನೊಳಗೇ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಡೇಟಾಬೇಸ್ ಹಾಕಿದ್ದರೆ ಆಗುತ್ತಿರಲಿಲ್ಲವೇ ಎಂದರೆ ಆಗುತ್ತಿತ್ತು. ಆದರೆ ಹುಡುಕಾಟವನ್ನು ಕೈಯಾರೆ ಬರೆಯಬೇಕೆಂಬ ಚಪಲ ನನಗೆ ಕಾಲೇಜಿನ ದಿನಗಳಿಂದಲೂ ಇತ್ತು.

ಮೊದಲು ಹಾಕಿದ್ದು ಎಲ್ಲರೂ ಹಾಕುವ ನೇರ ಹುಡುಕಾಟ. ಪಟ್ಟಿಯ ತಲೆಯಿಂದ ಶುರುಮಾಡಿ ಸಿಗುವ ತನಕ ಒಂದೊಂದೇ ನೋಡುತ್ತಾ ಹೋಗುವುದು. 6,200 ಖಾತೆಗಳಲ್ಲಿ ಒಂದನ್ನು ಹುಡುಕಲು ಸರಾಸರಿ 3,100 ಸಲ ಹೋಲಿಸಬೇಕು. ಕೇಳಲು ಭಯಂಕರ, ಆದರೆ ಎಂಟರ್ ಒತ್ತಿ ಕೈ ತೆಗೆಯುವುದರೊಳಗೆ ಉತ್ತರ ಬಂದಿರುತ್ತದೆ. ವಖಾರಿಯವರಿಗೆ ಯಾವ ದೂರೂ ಇರಲಿಲ್ಲ. ಇಡೀ ವರ್ಷದ ಪಟ್ಟಿಯನ್ನು ತಾಳೆ ನೋಡುವಾಗ, ಅಂದರೆ ಒಂದೊಂದು ಚೀಟಿಗೂ ಮತ್ತೆ ತಲೆಯಿಂದ ಹುಡುಕಬೇಕಾದಾಗ, ಮಾತ್ರ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಇದರ ದೊಡ್ಡ ಗುಣ ಒಂದಿದೆ. ಪಟ್ಟಿ ಹೇಗೆ ಚೆಲ್ಲಾಪಿಲ್ಲಿಯಾಗಿದ್ದರೂ ಇದಕ್ಕೆ ಚಿಂತೆಯಿಲ್ಲ. ಆ ಗುಣದ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಎರಡನೆಯದು ನಾನೇ ಬರೆದ ಬೈನರಿ ಸರ್ಚ್. ನಿಘಂಟಿನಲ್ಲಿ ಶಬ್ದ ಹುಡುಕುವವರು ನಡುವೆ ತೆರೆದು, ಬೇಕಾದ್ದು ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡದ ಅರ್ಧವನ್ನು ಬಿಟ್ಟೇಬಿಡುತ್ತಾರಲ್ಲ, ಅದೇ; ಪಟ್ಟಿ ಮಾತ್ರ ಅನುಕ್ರಮದಲ್ಲಿರಬೇಕು. 6,200 ಖಾತೆಗೆ ಹೆಚ್ಚೆಂದರೆ 13 ಹೋಲಿಕೆ, 340 ಊರಿಗೆ 9. ಪಟ್ಟಿ ಹತ್ತು ಲಕ್ಷಕ್ಕೆ ಬೆಳೆದರೂ 20ಕ್ಕೆ ಮುಗಿಯುತ್ತದೆ.

ಹತ್ತು ಸಾಲಿನ ಪ್ರೋಗ್ರಾಂ, ಆದರೆ ನನ್ನ ಒಂದು ಸಂಜೆ ತಿಂದಿತು. ಹುಡುಕಲು ಉಳಿದ ಭಾಗದ ‘ಕೆಳಗಿನ ಗಡಿ’ಯನ್ನು ನಡುವಿನ ಸ್ಥಾನಕ್ಕೆ ತಂದು ನಿಲ್ಲಿಸಿದ್ದೆ, ಅದರ ಮುಂದಿನದಕ್ಕಲ್ಲ. ಕಡೆಗೆ 4 ಮತ್ತು 5ನೇ ಸ್ಥಾನ ಎರಡೇ ಉಳಿದಾಗ ನಡು ಅಂದರೆ 4, ಗಡಿ ಮತ್ತೆ 4, ಮತ್ತೆ ನಡು 4. ಲ್ಯಾಪ್‌ಟಾಪಿನ ಫ್ಯಾನು ಮಳೆಯ ಸದ್ದನ್ನೂ ಮೀರಿ ಕೂಗತೊಡಗಿದಾಗ ತಪ್ಪು ಗೊತ್ತಾಯಿತು. ಈ ವಿಷಯದಲ್ಲಿ ನಾನೊಬ್ಬನೇ ಅಲ್ಲ ಎಂಬುದು ಸಮಾಧಾನ. 1946ರಲ್ಲೇ ಕಂಪ್ಯೂಟರ್ ತಯಾರಿಕೆಯ ಮೊದಲಿಗರಲ್ಲೊಬ್ಬರಾದ ಜಾನ್ ಮಾಕ್ಲಿ ಈ ವಿಧಾನವನ್ನು ಉಪನ್ಯಾಸದಲ್ಲಿ ವಿವರಿಸಿದ್ದರು. ಅಷ್ಟು ಹಳೆಯದಾದರೂ, ಜಾವಾ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್‌ನಲ್ಲಿ ತಪ್ಪಿದೆ ಎಂದು ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ತಿಳಿಸಿದರು. ನಡುವನ್ನು ಕಂಡುಹಿಡಿಯಲು ಎರಡು ಗಡಿಗಳನ್ನು ಕೂಡಿಸಿ ಅರ್ಧ ಮಾಡುತ್ತಾರೆ. ಪಟ್ಟಿ ಬಹಳ ದೊಡ್ಡದಾದರೆ ಆ ಮೊತ್ತ ಜಾವಾದ ಪೂರ್ಣಾಂಕದ ಮಿತಿಯಾದ 2,14,74,83,647 ದಾಟಿ ಋಣಸಂಖ್ಯೆಯಾಗಿಬಿಡುತ್ತದೆ. ಪೈಥಾನ್‌ನ ಪೂರ್ಣಾಂಕಗಳಿಗೆ ಆ ಮಿತಿ ಇಲ್ಲ. ಇದ್ದಿದ್ದರೂ, ಮೊತ್ತ ಅದನ್ನು ದಾಟಲು ಬೇಕಾದ 107 ಕೋಟಿ ಖಾತೆ ತುಂಬುವಷ್ಟು ಅಡಿಕೆ ಬೆಳೆಗಾರರು ಘಟ್ಟದ ಮೇಲೆ ಇಲ್ಲ.

ಇನ್ನು ಹುಳಗೋಳ ಎಂಬ ಊರಿನ ಕಥೆ. ಊರುಗಳ ಪಟ್ಟಿ ವಖಾರಿಯ ಹಳೇ ಖಾತೆ ಪುಸ್ತಕದಿಂದ ಬಂದದ್ದು. ಲೆಕ್ಕ ಬರೆಯುವ ಭಟ್ಟರು ಅದನ್ನು ಅಕಾರಾದಿಯಾಗಿ, ಬಲು ಅಚ್ಚುಕಟ್ಟಾಗಿ ಟೈಪು ಮಾಡಿಸಿಟ್ಟಿದ್ದರು. ಹೇಗೂ ಅನುಕ್ರಮದಲ್ಲಿದೆಯಲ್ಲ ಎಂದು ನಾನು ಮತ್ತೆ ವಿಂಗಡಿಸುವ ಗೋಜಿಗೇ ಹೋಗಲಿಲ್ಲ. ಎರಡು ದಿನ ಎಲ್ಲವೂ ಸರಿಯಿತ್ತು. ಮೂರನೇ ದಿನ ಹುಳಗೋಳದಿಂದ ಬಂದವರೊಬ್ಬರಿಗೆ ಪರದೆ ‘ಈ ಊರು ಪಟ್ಟಿಯಲ್ಲಿಲ್ಲ’ ಎಂದಿತು. ಭಟ್ಟರು ಕನ್ನಡಕ ಏರಿಸಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. “ಹ ಸಾಲಿನಲ್ಲೇ ಇದ್ದಲೋ ತಮಾ! ನಿನ್ನ ಮಷಿನ್ನಿಗೆ ಕಣ್ಣು ಕಾಣ್ತಿಲ್ಯನ?”

ಭಟ್ಟರ ಪುಸ್ತಕದಲ್ಲಿ ಕ್ರಮ ಹೀಗಿತ್ತು: ಹುತ್ಗಾರ, ಹುಲೇಕಲ್, ಹುಸರಿ, ಹುಳಗೋಳ. ನಾವು ಕಲಿತ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದಮೇಲೆ ಳ ಬರುವುದರಿಂದ ಅದು ನೂರಕ್ಕೆ ನೂರು ಸರಿ. ಆದರೆ ಪೈಥಾನ್ ಅಕ್ಷರಗಳನ್ನು ಹೋಲಿಸುವುದು ಯೂನಿಕೋಡ್ ಸಂಖ್ಯೆಯಿಂದ, ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಗೊತ್ತುಮಾಡಿದ ಸಂಖ್ಯೆಯಿಂದ. ಯೂನಿಕೋಡ್ ಭಾರತೀಯ ಲಿಪಿಗಳನ್ನು 1988ರ ಇಸ್ಕಿ ಎಂಬ ಭಾರತೀಯ ಸಂಕೇತ ಮಾನದಂಡದ ಮಾದರಿಯಲ್ಲಿ, ಎಲ್ಲ ಲಿಪಿಗೂ ಒಂದೇ ಅಚ್ಚಿನಲ್ಲಿ ಕೂರಿಸಿದೆ. ಅಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಹುಡುಕುವಾಗ ನಡುವೆ ಹುಸರಿ ಸಿಕ್ಕಿತು. ಳ ದ ಸಂಖ್ಯೆ ಸ ಗಿಂತ ಚಿಕ್ಕದು, ಹಾಗಾಗಿ ಹುಳಗೋಳ ಇದಕ್ಕೂ ಹಿಂದೆಯೇ ಇರಬೇಕು ಎಂದು ಪ್ರೋಗ್ರಾಂ ಹಿಂದಕ್ಕೆ ತಿರುಗಿತು. ಹುಳಗೋಳವಿದ್ದ ಅರ್ಧವನ್ನು ಕಣ್ಣೆತ್ತಿಯೂ ನೋಡದೆ ಎಸೆದಿತ್ತು.

ಇದರಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಅದರ ಮೌನ. ಎರರ್ ಇಲ್ಲ, ಕೆಂಪು ಸಾಲಿಲ್ಲ, ‘ಇಲ್ಲ’ ಎಂಬ ಒಂದೇ ಮಾತು. ಅದೂ ಎಲ್ಲ ಊರಿಗೂ ಹಾಗಲ್ಲ. ಳ ಇರುವ ಎಷ್ಟೋ ಹೆಸರುಗಳು ಸರಿಯಾಗಿಯೇ ಸಿಗುತ್ತಿದ್ದವು, ಯಾಕೆಂದರೆ ಅವುಗಳ ದಾರಿಯಲ್ಲಿ ಇಂಥ ಹುಸರಿ ಅಡ್ಡ ಬರುತ್ತಿರಲಿಲ್ಲ. ಪಟ್ಟಿಗೆ ಎರಡು ಹೊಸ ಊರು ಸೇರಿಸಿದರೆ ನಡುವಿನ ಜಾಗ ಪಲ್ಲಟವಾಗಿ ಹುಳಗೋಳ ಸಿಗುತ್ತಿತ್ತು, ಮತ್ತೊಂದು ಊರು ಕಾಣೆಯಾಗುತ್ತಿತ್ತು. ಅದೇ ಪಟ್ಟಿಯ ಮೇಲೆ ಹಳೇ ನೇರ ಹುಡುಕಾಟ ಓಡಿಸಿದೆ. ಎಲ್ಲ ಊರೂ ಸಿಕ್ಕವು.

ಪರಿಹಾರ ಚಿಕ್ಕದು. ಯೂನಿಕೋಡ್‌ನ ಕನ್ನಡ ಪಟ್ಟಿಯಲ್ಲಿ ಹ ಆದಮೇಲಿನ ಮನೆ ಖಾಲಿ ಇದೆ. ಹೋಲಿಸುವ ಮೊದಲು ಪ್ರತಿ ಳ ವನ್ನೂ ಆ ಖಾಲಿ ಮನೆಗೆ ಕಳಿಸುವ ಒಂದು ‘ಕೀ’, ಅಂದರೆ ಹೋಲಿಕೆಗೆ ಮಾತ್ರ ಬಳಸುವ ರೂಪ ಕೊಡುವ ಸೂತ್ರ, ಬರೆದೆ. ಪಟ್ಟಿಯನ್ನು ಅದೇ ಕೀಯಿಂದ ವಿಂಗಡಿಸಿದೆ, ಹುಡುಕುವುದೂ ಅದೇ ಕೀಯಿಂದ. ಬರೀ ಹುಡುಕಲಿಕ್ಕಾದರೆ ಯೂನಿಕೋಡ್ ಕ್ರಮದಲ್ಲೇ ವಿಂಗಡಿಸಿಕೊಂಡಿದ್ದರೂ ನಡೆಯುತ್ತಿತ್ತು. ಆದರೆ ಮುದ್ರಿಸಿದ ಪಟ್ಟಿಯಲ್ಲಿ ಹುಸರಿಗಿಂತ ಹುಳಗೋಳ ಮೊದಲು ಬಂದರೆ ಭಟ್ಟರು ಒಪ್ಪುವವರಲ್ಲ. ನಾನೂ ಒಪ್ಪುವುದಿಲ್ಲ.

ಒಂದು ವಾರ ಬಿಟ್ಟು ಅದೇ ಊರು ಮತ್ತೆ ಕಾಣೆ! ಈ ಸಲ ನೇರ ಹುಡುಕಾಟಕ್ಕೂ ಸಿಗಲಿಲ್ಲ. ಹಳೇ ಫಾಂಟಿನಿಂದ ಪರಿವರ್ತಿಸಿದ ಇನ್ನೊಂದು ಫೈಲಿನಲ್ಲಿ ‘ಗೋ’ದ ಓತ್ವ ಮೂರು ತುಂಡಾಗಿ ಕೂತಿತ್ತು: ಎತ್ವ, ಊತ್ವ, ದೀರ್ಘ. ನಮ್ಮ ಕೀಬೋರ್ಡ್ ಅದನ್ನು ಒಂದೇ ಚಿಹ್ನೆಯಾಗಿ ಬರೆಯುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಳಗೆ ಬರುವ ಎಲ್ಲ ಹೆಸರನ್ನೂ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಿಯೇ, ಅಂದರೆ ಒಂದೇ ರೂಪಕ್ಕೆ ತಂದೇ, ಬಿಟ್ಟುಕೊಳ್ಳುವುದು ಇದಕ್ಕೆ ಮದ್ದು. ಪೈಥಾನ್‌ನಲ್ಲಿ ಒಂದು ಸಾಲು.

ಮೂರನೆಯದು ಬೈಸೆಕ್ಟ್, ಪೈಥಾನ್‌ನ ಜೊತೆಗೇ ಬರುವ ಬೈನರಿ ಸರ್ಚ್. ನನ್ನ ಹತ್ತು ಸಾಲಿನ ಜಾಗದಲ್ಲಿ ಒಂದು ಸಾಲು, ವೇಗವೂ ಹೆಚ್ಚು. 3.10ನೇ ಆವೃತ್ತಿಯಿಂದ ನಮ್ಮದೇ ಕೀ ಕೊಡಲೂ ಬರುತ್ತದೆ. ಆದರೆ ಇದು ‘ಇದೆ’, ‘ಇಲ್ಲ’ ಎನ್ನುವುದಿಲ್ಲ, ಜಾಗದ ಸಂಖ್ಯೆ ಕೊಡುತ್ತದೆ. ಇಲ್ಲದ ಹೆಸರು ಕೇಳಿದರೂ, ಅದು ಇದ್ದಿದ್ದರೆ ಎಲ್ಲಿ ಕೂರುತ್ತಿತ್ತೋ ಆ ಜಾಗ ತೋರಿಸುತ್ತದೆ. ಅಲ್ಲಿ ಇರುವವರು ಯಾರು ಎಂದು ನಾವೇ ನೋಡದಿದ್ದರೆ ಪಕ್ಕದವರ ಖಾತೆ ತೆರೆದುಕೊಳ್ಳುತ್ತದೆ, ದುಡ್ಡಿನ ವಿಷಯದಲ್ಲಿ ಇದು ತಮಾಷೆಯಲ್ಲ.

ಎಡ, ಬಲ ಎಂದು ಇದರಲ್ಲಿ ಎರಡು ಬಗೆ ಇವೆ. ಈ ಭೇದ ಯಾಕೆ ಎಂದು ಪಾಠದಲ್ಲಿ ಓದುವಾಗ ಅರ್ಥವಾಗಿರಲಿಲ್ಲ. ನಮ್ಮ ಸೀಮೆಯ ಪಟ್ಟಿ ಕೈಗೆ ಬಂದಾಗ ಅರ್ಥವಾಯಿತು. ಗಣಪತಿ ಹೆಗಡೆ ಎಂಬ ಹೆಸರೇ ಒಂದು ಹಿಂಡು ಇದೆ. ಸಾದಾ ಬೈನರಿ ಸರ್ಚ್ ಆ ಹಿಂಡಿನ ಯಾರೋ ಒಬ್ಬರ ಮೇಲೆ ಕೈಯಿಟ್ಟು ‘ಸಿಕ್ಕರು’ ಎನ್ನುತ್ತದೆ. ಎಡದ ಬಗೆ ಹಿಂಡಿನ ಮೊದಲನೆಯವರ ಜಾಗ ಕೊಡುತ್ತದೆ, ಬಲದ ಬಗೆ ಕೊನೆಯವರ ಮುಂದಿನ ಜಾಗ. ಎರಡರ ವ್ಯತ್ಯಾಸವೇ ಗಣಪತಿ ಹೆಗಡೆಗಳ ಸಂಖ್ಯೆ. ಅಷ್ಟೂ ಜನರನ್ನು ಊರಿನ ಸಮೇತ ತೋರಿಸಿದರೆ ಭಟ್ಟರು ಮುಖ ನೋಡಿ ಆರಿಸಿಕೊಳ್ಳುತ್ತಾರೆ.

ನಾಲ್ಕನೆಯದು ಡಿಕ್ಷನರಿ, ಅಂದರೆ ಒಂದೊಂದು ಗುರುತಿಗೆ (ಇದಕ್ಕೂ ‘ಕೀ’ ಎಂದೇ ಹೆಸರು) ಒಂದೊಂದು ವಿವರ ಕಟ್ಟಿಡುವ ಪೈಥಾನ್ ವ್ಯವಸ್ಥೆ. ಬೈನರಿ ಸರ್ಚ್‌ನ ನಿಜವಾದ ಪ್ರತಿಸ್ಪರ್ಧಿ ಇದೇ. ಖಾತೆ ಸಂಖ್ಯೆ ಕೊಟ್ಟರೆ ಅದರಿಂದ ಹ್ಯಾಶ್ ಎಂಬ ಸಂಖ್ಯೆ ಲೆಕ್ಕ ಹಾಕಿ ಹೆಚ್ಚುಕಡಿಮೆ ನೇರವಾಗಿ ಆ ಜಾಗಕ್ಕೇ ಹೋಗುತ್ತದೆ, 13 ಹೋಲಿಕೆಯೂ ಬೇಡ. ವಿಂಗಡಣೆಯ ರಗಳೆಯೇ ಇಲ್ಲದ್ದರಿಂದ ಳ ಎಲ್ಲಿದ್ದರೇನು? ಹೊಸ ಖಾತೆ ಸೇರಿಸುವುದೂ ಸುಲಭ. ವಿಂಗಡಿಸಿದ ಪಟ್ಟಿಯ ನಡುವೆ ಒಂದನ್ನು ತೂರಿಸಬೇಕಾದರೆ ಜಾಗ ಹುಡುಕುವುದು ಬೇಗ ಮುಗಿದರೂ ಅದರ ಮುಂದಿನವರೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು, ಮದುವೆ ಮನೆಯ ಪಂಕ್ತಿಯಲ್ಲಿ ತಡವಾಗಿ ಬಂದವರಿಗೆ ಜಾಗ ಮಾಡಿದ ಹಾಗೆ. ಹೆಸರನ್ನೇ ಕೀ ಮಾಡಿದರೆ ಮಾತ್ರ ಡಿಕ್ಷನರಿ ಕೈಕೊಡುತ್ತದೆ. ಎರಡನೇ ಗಣಪತಿ ಹೆಗಡೆ ಬಂದ ಕೂಡಲೇ ಮೊದಲನೆಯವರು ಅಳಿಸಿಹೋಗುತ್ತಾರೆ.

ಡಿಕ್ಷನರಿ ಪೂರ್ತಿ ಸೋತದ್ದು ದರದ ಪಟ್ಟಿಯಲ್ಲಿ. ‘ಆ ತಾರೀಖಿಗೆ ಚಾಲಿ ಕ್ವಿಂಟಲಿಗೆ ಎಷ್ಟಿತ್ತು?’ ಎಂದು ಕೇಳುವವರು ಕ್ಯಾಲೆಂಡರ್ ನೋಡಿ ಕೇಳುವುದಿಲ್ಲ. ಆ ದಿನ ಭಾನುವಾರವಾಗಿದ್ದರೆ ದರವೇ ಇರುವುದಿಲ್ಲ. ಹಿಂದಿನ ವ್ಯಾಪಾರದ ದಿನದ ದರ ಹೇಳಬೇಕು. ಡಿಕ್ಷನರಿಗೆ ‘ಅದಕ್ಕೂ ಹಿಂದಿನದು’ ಎಂಬ ಮಾತೇ ತಿಳಿಯದು. ಬಲದ ಬೈಸೆಕ್ಟ್ ಕೊಟ್ಟ ಜಾಗದಲ್ಲಿ ಒಂದು ಕಳೆದರೆ ಮುಗಿಯಿತು, ಶನಿವಾರದ ದರ ಎದುರಿಗೆ. ‘ಹು’ ಎಂದು ಒಂದೇ ಅಕ್ಷರ ಒತ್ತಿದಾಗ ಆ ಸಾಲಿನ ಊರುಗಳೆಲ್ಲ ಬೀಳುವಂತೆ ಮಾಡಲೂ ಇದೇ ಬೇಕು.

ಇಲ್ಲೂ ಒಮ್ಮೆ ಜಾರಿದೆ. ಪಟ್ಟಿಯ ಮೊದಲ ದಿನಕ್ಕಿಂತ ಹಿಂದಿನ ತಾರೀಖು ಕೇಳಿದರೆ ಜಾಗ 0, ಒಂದು ಕಳೆದರೆ ಮೈನಸ್ 1. ಪೈಥಾನ್‌ನಲ್ಲಿ ಮೈನಸ್ 1 ಅಂದರೆ ಪಟ್ಟಿಯ ಕೊನೆಯದು. ಹತ್ತು ವರ್ಷಕ್ಕೂ ಹಿಂದಿನ ದರ ಕೇಳಿದವರಿಗೆ ಮೊನ್ನೆಯ ದರ ಸಿಕ್ಕಿ, ಅವರು ‘ಆಗಲೂ ಇಷ್ಟಿತ್ತನ?’ ಎಂದು ಬಾಯಿ ತೆರೆದು ನಿಂತಿದ್ದರು.

ನಡುವೆ ಇಂಟರ್‌ಪೊಲೇಷನ್ ಸರ್ಚ್ ಎಂಬುದನ್ನೂ ನೋಡಿದೆ. ಕಣ್ಣುಮುಚ್ಚಿ ನಡುವೆ ತೆರೆಯುವ ಬದಲು, ಹ ಬೇಕಾದರೆ ಪುಸ್ತಕದ ಕೊನೆಯತ್ತ ತೆರೆಯುವ ಜಾಣತನ ಅದು. ಹೆಸರುಗಳು ಸಮನಾಗಿ ಹರಡಿದ್ದರೆ ಬಲು ಚುರುಕು. ಅಡ್ಡಹೆಸರು ಅಂದರೆ ಭಟ್ಟ, ಹೆಗಡೆ ಎಂದು ಗುಡ್ಡೆ ಬಿದ್ದಿರುವ ಪಟ್ಟಿಯಲ್ಲಿ ಅದರ ಅಂದಾಜು ತಲೆಕೆಳಗು. ಅರ್ಧ ದಿನದಲ್ಲಿ ಕೈಬಿಟ್ಟೆ.

ಈಗ ವಖಾರಿಯ ಲ್ಯಾಪ್‌ಟಾಪಿನಲ್ಲಿ ಖಾತೆ ಸಂಖ್ಯೆಗೆ ಡಿಕ್ಷನರಿ ಇದೆ, ಹೆಸರು, ಊರು, ದರಕ್ಕೆ ಬೈಸೆಕ್ಟ್. ಅಡಿಕೆಯ ಐದು ಬಗೆಗಳಿಗೆ ನೇರ ಹುಡುಕಾಟವೇ ಸಾಕು; ಐದರಲ್ಲಿ ನಡು ಹುಡುಕುವುದು ಕೆಲಸವಿಲ್ಲದವರ ಕೆಲಸ. ಕೈಯಾರೆ ಬರೆದ ಬೈನರಿ ಸರ್ಚ್ ತೆಗೆದುಹಾಕಿದೆ. ಪ್ರತಿ ಬೆಳಗ್ಗೆ ಪ್ರೋಗ್ರಾಂ ತೆರೆದ ಕೂಡಲೇ ಅದು 340 ಊರುಗಳನ್ನೂ ಒಂದು ಸಲ ಬೈಸೆಕ್ಟ್‌ನಿಂದ, ಒಂದು ಸಲ ನೇರವಾಗಿ ಹುಡುಕಿ, ಎರಡರ ಉತ್ತರ ತಾಳೆಯಾದರೆ ಮಾತ್ರ ಮುಂದೆ ಹೋಗುತ್ತದೆ. ಭಟ್ಟರು ಅದನ್ನೂ ನಂಬುವುದಿಲ್ಲ. ಮೊದಲು ಹುಳಗೋಳ ಎಂದು ಒತ್ತಿ ನೋಡಿಯೇ ಬಾಗಿಲು ತೆರೆಯುತ್ತಾರೆ.